ಕರಿ ತಂತಿ

ಹೊಸ ಟ್ರಿಪ್ಪರ್ ಕೂಡಿಸಿ ಹದಿನಾರು ದಿನ.
ಬ್ರಹ್ಮಪುರದಾಗ ರಾತ್ರಿ ಹತ್ತಕ್ಕೂ ಪರಸಿ ಕಾದೇ ಇರ್ತದ,
ಬರಿಗಾಲು ಇಟ್ಟರ ರೊಟ್ಟಿ ಹಂಚಿನ ನೆನಪು.
ಅಂಥಾ ಹೊತ್ತಿಗೇ ಠಕ್ ಅಂತದ,
ಕೂಲರ್ ಒಂದು ಉಸಿರು ಬಿಟ್ಟು ಸುಮ್ಮನಾಗ್ತದ.
ಮನಿಯವರು ವಾಡಿ ಸಿಮೆಂಟ್ ಫ್ಯಾಕ್ಟರಿ, ರಾತ್ರಿ ಪಾಳಿ.
ಇಲ್ಲಿ ನಾನು, ಟೆಸ್ಟರ್, ಬ್ಯಾಟರಿ, ನಿದ್ದಿಗೆಟ್ಟ ಮಗಳು.

ಗೊತ್ತಿಲ್ಲದ ಕೆಲಸ ಏನಲ್ಲ. ಅಕ್ಕಿಯೊಳಗಿನ ಹಳ್ಳು ಆರಿಸಿದಂಗ:
ಸ್ವಿಚ್ ಎಲ್ಲಾ ಬಂದ್ ಮಾಡು, ಪ್ಲಗ್ ಎಲ್ಲಾ ಕೀಳು,
ಮೇನ್ ಎತ್ತು. ನಿಂತಿತೇ? ನಿಂತಿತು.
ಈಗ ಒಂದೊಂದೇ ಕರಿ.
ಫ್ರಿಜ್ಜು ಬಂತು, ಏನೂ ಆಗಲಿಲ್ಲ.
ಕೂಲರ್ ಬಂತು. ಇದರ ಮ್ಯಾಗೇ ನನ್ನ ಸಂಶಯ,
ಹೋದ ಬ್ಯಾಸಿಗಿಯಾಗ ಇದರ ಪಂಪು ಮೊಣಕೈ ತನಕ ಜುಮ್ ಅನಿಸಿತ್ತು;
ಆವತ್ತಿಂದ ಅಂಗಳದ ಅರ್ಥಿಂಗ್ ಕುಣಿಗೆ,
ತುಳಸಿಗೆ ಹಾಕಿದ ಮ್ಯಾಲ,
ಒಂದು ತಂಬಿಗಿ ನೀರು ತಪ್ಪಿಸಿಲ್ಲ.
ಅದೂ ನಿಷ್ಪಾಪಿ. ಮಿಕ್ಸರ್ ನಿಷ್ಪಾಪಿ. ಹೊಲಿಗಿ ಮಶೀನೂ.
ಕಡೀಗೆ ಅಡಗಿಮನಿ ಬಲ್ಬು, ಒಂಬತ್ತೇ ವ್ಯಾಟು.
ಒತ್ತಿದೆ.
ಠಕ್.

ಬಲ್ಬು ಬದಲಿಸಿದೆ. ಠಕ್.

ಮೇನ್ ಇಳಿಸಿದೆ. ಕಟ್ಟಿಗಿ ಸ್ಟೂಲು, ಕಾಲಾಗ ರಬ್ಬರ್ ಚಪ್ಪಲಿ,
ಬೋರ್ಡಿನ ನಾಲ್ಕು ಸ್ಕ್ರೂ ತುಟಿ ನಡುವ.
ಒಳಗ ಎರಡು ಕರಿ ತಂತಿ ಒಂದಕ್ಕೊಂದು ಹೆಣಕೊಂಡಿದ್ದವು,
ಮ್ಯಾಲಿನ ಟೇಪು ಒಣಗಿ ಹೆಕ್ಕಳಿಕಿ ಎದ್ದಿತ್ತು.
ಇಕ್ಕಳ ಹಾಕಿ ಬಿಚ್ಚಿದೆ.

ಗ್ವಾಡಿ ಆಚೆಯಿಂದ ಸುಗಲಾಬಾಯಿ:
"ಏ, ಲೈಟ್ ಹೋತು ನೋಡ್ರಿ!"

ಹನ್ನೊಂದು ವರ್ಷಕ್ಕೆ ನೆಗೆಣ್ಣಿಯ ಮಾತು
ಈ ಗ್ವಾಡಿ ದಾಟಿ ಬಂದದ್ದು. ನನಗಂತ ಅಲ್ಲ.
ಟೆಸ್ಟರ್ ಹಚ್ಚಿದೆ. ಒಂದು ತಂತಿ ತಣ್ಣಗಿತ್ತು.
ಇನ್ನೊಂದು, ನನ್ನ ಮೇನ್ ಕೆಳಗಿದ್ದರೂ,
ಮನಿ ತುಂಬಾ ಕತ್ತಲಿದ್ದರೂ,
ಟೆಸ್ಟರಿನ ಹೊಟ್ಟಿಯೊಳಗ ಕೆಂಪು ಹುಳ ಎಬ್ಬಿಸಿತು.

ಇಲ್ಲಿ ನಾನು ನಿಂತೆ.
ನನ್ನ ಮೇನಿನ ಮಾತು ಕೇಳದ ತಂತಿ ನನ್ನದಲ್ಲ.
ಸಾವಕಾಶ ಇಳಿದೆ, ಮಗಳು ಹೋಗದಂಗ ಅಡಗಿಮನಿ ಚಿಲಕ ಹಾಕಿದೆ.
ಗೊತ್ತಿದ್ದದ್ದು ಮುಗಿಯೋ ಜಾಗ ಗೊತ್ತಾಗೋದು
ಸಣ್ಣ ವಿದ್ಯೆ ಅಲ್ಲ ಅಂತ ನನಗ ನಾನೇ ಹೇಳಿಕೊಂಡೆ.
ಕೈ ಮಾತ್ರ ಬೆಳತನಕ ನಡುಗಿತು.

ಚಾಂದಪಾಷಾ ಏಳಕ್ಕೆ ಬಂದ. ಚಹಾ ಆಮ್ಯಾಲ ಅಂದ,
ಮೊದಲು ಬಾಜೂ ಮನಿ ಮೇನ್ ಇಳಿಸಾಕ ಹೇಳ್ರಿ ಅಂದ.
"ನೀನೇ ಕೇಳು."
ನನ್ನ ಮುಖ ನೋಡಿದ. ತಾನೇ ಹೋದ.

"ಅಣ್ಣತಮ್ಮಂದಿರು ಮನಿ ಹಂಚಿಕೊಂಡ್ರು ಬಾಯಿ,
ಗ್ವಾಡಿ ಎಬ್ಬಿಸಿದ್ರು, ಮೀಟರ್ ಎರಡು ಮಾಡಿದ್ರು.
ನ್ಯೂಟ್ರಲ್ ಹಂಚೋದು ಯಾರಿಗೂ ನೆನಪಾಗಿಲ್ಲ.
ನಿಮ್ಮ ದೀಪಕ್ಕೆ ಹೋದದ್ದು ಅವರ ಮನಿ ಹಾದು ತಿರುಗತದ.
ಈ ಟ್ರಿಪ್ಪರ್ ಹೋದದ್ದು ಬಂದದ್ದು ಲೆಕ್ಕ ಇಡೋ ಜಾತಿ.
ಹಳೇ ಫ್ಯೂಜಿಗೆ ಲೆಕ್ಕ ಬರ್ತಿರಲಿಲ್ಲ, ನಡೀತು."

ತಕ್ಕಡಿಯಾಗ ತಾಮ್ರದ ಹಂಡೆ ತೂಗಿದವರು ನಾವು,
ಬೇವಿನಗಿಡದ ನೆರಳಿಗೂ ಗೆರಿ ಹೊಡೆದವರು.

ಹೊಸ ತಂತಿ ನಮ್ಮ ಮನಿಯೊಳಗೇ ಎಳೆದ.
ಹಳೇದನ್ನ ತೆಗೀಬೇಕು: "ನೀವು ಇಲ್ಲಿಂದ ದೂಡ್ರಿ,
ಆ ಬಾಯಿ ಆ ಕಡಿಂದ ಎಳೀತಾರ."
ದೂಡಿದೆ. ಪೈಪಿನೊಳಗ ಎಲ್ಲೋ ಸಿಕ್ಕಿತು,
ಆಕಿ ಜಗ್ಗಿದ್ದು ನನ್ನ ಬೆರಳಿಗೆ ಗೊತ್ತಾತು.
ತುಸು ಬಿಟ್ಟೆ. ಮತ್ತ ಜಗ್ಗಿದಳು.
ಕಡೀ ಗೇಣು ಹೋಗೋ ಮುಂದ
ಯಾಕೋ ಹಿಡಕೊಂಡೆ, ಒಂದು ಚಣ.
ಆ ಕಡೆಯೂ ಎಳೆಯಲಿಲ್ಲ.
ಚಾಂದಪಾಷಾ "ಬಿಡ್ರಿ" ಅಂದ.

ಈ ರಾತ್ರಿ ಮೇನ್ ನಿಂತದ. ಕೂಲರ್ ತಿರುಗ್ತದ.
ಅಡಗಿಮನಿಯಾಗ ನುಚ್ಚು ಕುದೀತದ.
ಗ್ವಾಡಿ ಆಚೆ ಸ್ವಿಚ್ಚಿನ ಸಪ್ಪಳ ಬಂತು.
ನನ್ನ ದೀಪ ಮಿಸುಕಲಿಲ್ಲ.